ನೂರಾ ಎಂಬತ್ತು ಗ್ರಾಂ

ಮಸ್ಕತ್ತಿನ ವಿಮಾನಕ್ಕೆ ನಿಂತಾಗ ಕೌಂಟರಿನ ಹುಡುಗ
ಬ್ಯಾಗನ್ನು ತೂಕಕ್ಕಿಟ್ಟು ತುಟಿ ಸೊಟ್ಟ ಮಾಡಿದ.
ಏಳು ಕಿಲೋ, ಮೇಲೆ ನೂರಾ ಎಂಬತ್ತು ಗ್ರಾಂ.
ದಾಕ್ಷಾ, ನಿನ್ನ ಪಡಸಾಲೆಯಲ್ಲಿ
ಮೆಣಸಿನಕಾಯಿ ತೂಗುವ ಕೊಕ್ಕೆಗೆ ನೇತುಹಾಕಿದಾಗ
ಏಳೆಂದರೆ ಏಳೇ ಇತ್ತಲ್ಲ?
ಟವೆಲನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಬಂದೆ.
ಅಂದಿನಿಂದ ದುಪಟ್ಟಾದಲ್ಲೇ ಮೈ ಒರೆಸುತ್ತೇನೆ.

ಪಟ್ಟಿ ಬರೆದವಳು ನೀನು,
ಖಜಾನೆಯ ಹಳೇ ಬಿಲ್ಲಿನ ಹಿಂಬದಿಗೆ, ಕೆಂಪು ಶಾಯಿಯಲ್ಲಿ:
ಚೂಡಿದಾರ ಎರಡು, ಉಟ್ಟದ್ದು ಬೇರೆ,
ನೈಲಾನ್ ಹಗ್ಗ ಎಂಟು ಮೊಳ,
ಶೇಂಗಾ ಹಿಂಡಿ, ಕವರಿನೊಳಗೊಂದು ಕವರು ಹಾಕಿ.
ಸೀರೆಯನ್ನು ನಾನು ಸೇರಿಸಿದ್ದೆ, ನೀನು ಹೊಡೆದು ಹಾಕಿದೆ:
‘ಅಲ್ಲೇನ ಮದವಿ ಐತೇನ?’

ಮೊದಲು ಅದು ಇಬ್ಬರ ಪಟ್ಟಿ.
ಮೂವತ್ತು ವರ್ಷ ಒಂದೇ ಫ್ಯಾನಿನ ಕೆಳಗೆ ಎರಡು ಮೇಜು,
ಒಂದೇ ದಿನ ತೆಗೆಸಿದ ಎರಡು ಪಾಸ್‌ಪೋರ್ಟು.
ಆಮೇಲೆ ನಿನ್ನ ಬಲಮಂಡಿ.
ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ
ನೀನು ಅದನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ,
ಪರ್ಸಿನಿಂದ ಪಟ್ಟಿ ತೆಗೆದು
ಲೋಟ ಎರಡು ಇದ್ದದ್ದನ್ನು ಒಂದು ಮಾಡಿದೆ,
ಬ್ಯಾಟರಿ ಎರಡು ಇದ್ದದ್ದನ್ನು ಒಂದು.

ಈ ಊರಿನ ಹೆಸರು ಸೂರ್.
ನಮ್ಮ ಮಾತಿನಲ್ಲಾದರೆ ನೆರಳಿರಬೇಕಿತ್ತು.
ಇಲ್ಲಿ ಮಧ್ಯಾಹ್ನ ಬೆಕ್ಕು ಕೂಡ
ತನ್ನ ನೆರಳನ್ನು ಹೊಟ್ಟೆಯಡಿ ಎಳೆದುಕೊಂಡು ಕೂರುತ್ತದೆ.
ವಾಟ್ಸಾಪಿನ ಕರೆ ಈ ದೇಶದಿಂದ ಹೋಗುವುದಿಲ್ಲ,
‘ಕನೆಕ್ಟಿಂಗ್’ ಎನ್ನುತ್ತ ಅಲ್ಲೇ ನಿಂತುಬಿಡುತ್ತದೆ.
ಹೇಳುವುದನ್ನು ಹೇಳಿ, ರೆಕಾರ್ಡು ಮಾಡಿ ಕಳಿಸಬೇಕು.
ಹಾಗಾಗಿ ನಾನು ಮುಗಿಸುವ ತನಕ
ನೀನು ನಡುವೆ ಬಾಯಿ ಹಾಕುವಂತಿಲ್ಲ,
ಮೂವತ್ತು ವರ್ಷದಲ್ಲಿ ಇದೇ ಮೊದಲು.
ನಿನ್ನ ಉತ್ತರದೊಳಗೆ ಕುಕ್ಕರಿನ ಎರಡು ಸೀಟಿ,
ಹಾಲಿನವನ ಜೊತೆ ಜಗಳ, ಅಳಿಸದೆ ಹಾಗೇ.
ನೀನು ಒಂದೂವರೆ ತಾಸು ಮುಂದಿದ್ದೀ ನನಗಿಂತ;
ನನಗಿನ್ನೂ ಹಸಿವಾಗದ ಹೊತ್ತಿಗೆ
ನಿನ್ನ ಪಾತ್ರೆ ತೊಳೆದಾಗಿರುತ್ತದೆ.

ಹನ್ನೊಂದನೇ ದಿನ, ಮರದ ಹಡಗು ಕಟ್ಟುವ ಅಂಗಳದೆದುರು
ಹೆಗಲ ಪಟ್ಟಿ ಹರಿಯಿತು.
ಓಣಿಯಲ್ಲೊಬ್ಬ ದರ್ಜಿ, ಮೊಯಿನುಲ್,
ಚಿತ್ತಗಾಂಗಿನವನು, ಹತ್ತೊಂಬತ್ತು ವರ್ಷದಿಂದ
ಇಲ್ಲಿನವರ ಬಿಳಿ ನಿಲುವಂಗಿ ಹೊಲಿಯುತ್ತಿದ್ದಾನೆ.
ಖಾಲಿ ಮಾಡಿ ಕೊಡಿ ಅಂದ.
ನನ್ನ ಸಂಸಾರವೆಲ್ಲ ಅವನ ಮೇಜಿನ ಮೇಲೆ ಹರಡಿತು:
ಹಗ್ಗ, ಹಿಂಡಿಯ ಎಣ್ಣೆ ಕುಡಿದ ನಕಾಶೆ,
ಈ ಗೋಡೆಗಳಿಗೆ ಹೊಂದದ ದುಂಡು ಪಿನ್ನಿನ ಚಾರ್ಜರು.
ಅವನು ಬೆನ್ನಿನ ಸ್ಪಂಜನ್ನು ಸರಿಸಿ ಕೈ ಹಾಕಿದ.
ಇಷ್ಟು ದಿನ ಒತ್ತುತ್ತಿದ್ದದ್ದು
ಬ್ಯಾಗಿನ ಎಲುಬು ಎಂದುಕೊಂಡಿದ್ದೆ.

ಚಪ್ಪಲಿ.
ಒಂದೇ. ಬಲಗಾಲಿನದು.
ಹೆಬ್ಬೆರಳಿನ ಜಾಗದಲ್ಲಿ ಗುಳಿ ಬಿದ್ದದ್ದು,
ಮೆಟ್ಟಿಲು ಹತ್ತುವಾಗ ದಿನಾ ಬೆಳಿಗ್ಗೆ
ನನಗೆ ನಿನ್ನ ಮುಖಕ್ಕಿಂತ ಮೊದಲು ಕೇಳುತ್ತಿದ್ದದ್ದು.

‘ದೂಸ್ರಾ ಕಿಧರ್?’ ಅಂದ ಮೊಯಿನುಲ್.
ಮನೆಯಲ್ಲಿದೆ, ಅಂದೆ.
ತಲೆಯಾಡಿಸಿ ದಾರ ಪೋಣಿಸಿದ,
ಇಲ್ಲಿ ಎಲ್ಲರದೂ ಇನ್ನೊಂದು ಅಲ್ಲೇ ಇರುವುದು ಎಂಬಂತೆ.
ಹೊಲಿಗೆಗೆ ಮುನ್ನೂರು ಬೈಸಾ ತೆಗೆದುಕೊಂಡ;
ಅವನ ಮೂರು ಪಿನ್ನಿನ ಪ್ಲಗ್ಗಿಗೆ ಏನೂ ಬೇಡವೆಂದ.

ಸಂಜೆ ದಡಕ್ಕೆ ಒಯ್ದೆ.
ಹಳೇ ದೋಣಿಯೊಂದು ಪಕ್ಕಕ್ಕೆ ಮಲಗಿತ್ತು,
ದೀಪಸ್ತಂಭಕ್ಕಿನ್ನೂ ಬೆಳಕು ಬಂದಿರಲಿಲ್ಲ.
ನಿನ್ನದನ್ನು ಬಲಕ್ಕಿಟ್ಟು, ನನ್ನ ಎಡಗಾಲಿನದನ್ನು ಪಕ್ಕಕ್ಕಿಟ್ಟು
ಮರಳಿನಲ್ಲಿ ಫೋಟೋ ತೆಗೆದೆ. ಬ್ಯಾಟರಿ ನಾಲ್ಕು.
ಏನಿದು ದಾಕ್ಷಾ, ಅಂತಷ್ಟೇ ಕೇಳಿ ಕಳಿಸಿದೆ.
ಎರಡು ಗೀಟು ಬಿದ್ದವು. ನೀಲಿಯಾಗಲಿಲ್ಲ.
ಬ್ಯಾಟರಿ ಮೂರು.

ಆಮೇಲೆ ಬಂತು ನಿನ್ನದು, ಒಂಬತ್ತು ಸೆಕೆಂಡು.
ಆರು ಸೆಕೆಂಡು ಬರೀ ನಗು, ಅಥವಾ ಕೆಮ್ಮು,
ಎರಡು ಸಲ ಕೇಳಿದರೂ ತಿಳಿಯಲಿಲ್ಲ.
ಉಳಿದ ಮೂರರಲ್ಲಿ:
‘ನೀರಾಗ ತೋಯ್ಸಬ್ಯಾಡ ಮತ್ತ, ಅದು ತೊಗಲಂದು.’

ಆಗಲೇ ತೋಯ್ದಿತ್ತು.